ಕಪ್ಪು ಬಟ್ಟಲಿಗೆ ಒಂದು ಬೊಟ್ಟು

ಆರ್‌ಪಿಸಿ ಲೇಔಟಿನ ಸತ್ಯವತಿಗೆ ವಯಸ್ಸು ನಲವತ್ತು, ದಣಿವಿಗೆ ಅರವತ್ತು. ರಾಡಾರ್ ಬಿಡಿಭಾಗ ಮಾಡುವ ರಾಜಾಜಿನಗರದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ರಾಡಾರಿನ ಅಲೆ ಅತ್ತಿತ್ತ ಅಲುಗದಂತೆ ಒಂದೇ ಶ್ರುತಿಯಲ್ಲಿ ಹಿಡಿದಿಡಲು ಒಂದು ಬಿಳಿ ಪಿಂಗಾಣಿ ಬಿಲ್ಲೆ ಇರುತ್ತದೆ. ಅದನ್ನು ಕಾಯಬೇಕಾದ ತಾಮ್ರದ ಡಬ್ಬಿ ಆ ಅಲೆಯನ್ನೇ ಅಷ್ಟಿಷ್ಟು ನುಂಗುತ್ತದೆ; ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ತಾಮ್ರದ ಬದಲು, ಕಡುಚಳಿಯಲ್ಲಿ ವಿದ್ಯುತ್ತನ್ನು ನಷ್ಟವಿಲ್ಲದೆ ಹರಿಯಬಿಡುವ ಸೂಪರ್‌ಕಂಡಕ್ಟರಿನ ಬಟ್ಟಲು ಮತ್ತು ಮುಚ್ಚಳ ಮಾಡಿ, ದ್ರವ ನೈಟ್ರೋಜನ್ನಿನಲ್ಲಿ ತಣಿಸಿದರೆ ಈ ಕಾಟ ತಪ್ಪುತ್ತದೆಂದು ಅವಳ ಮೇಲಧಿಕಾರಿ ಗೋಪೀನಾಥರ ನಂಬಿಕೆ.

ನಂಬಿಕೆ ಅವರದ್ದು, ಕುಲುಮೆಯ ಮುಂದೆ ಬೇಯುವ ಪಾಡು ಇವಳದ್ದು. ಬಟ್ಟಲಿಗೆ ಬೇಕಾದ ಕಪ್ಪು ಪುಡಿ ಅರೆದು, ಒತ್ತಿ, ಸುಟ್ಟು ತೆಗೆದರೆ ಬಿರುಕು. ಮತ್ತೆ ಅರೆ, ಮತ್ತೆ ಸುಡು. ಎರಡು ವರ್ಷ ಹೀಗೇ ಸವೆದು, 1989ರ ದಸರೆಗೆ ಮುಂಚೆ ಕೊನೆಗೂ ಒಂದು ಜೋಡಿ ನೆಟ್ಟಗೆ ಬಂತು. ಹಬ್ಬ ಮುಗಿದ ಮರುದಿನ ದೊಡ್ಡವರ ಎದುರು ಪರೀಕ್ಷೆ. ಸೋತರೆ ಲ್ಯಾಬಿಗೆ ಬೀಗ. ಸತ್ಯವತಿ ಮತ್ತೆ ಪ್ಯಾಕಿಂಗ್ ಸೆಕ್ಷನ್ನಿಗೆ, ದಿನವಿಡೀ ಪೆಟ್ಟಿಗೆಗೆ ಹುಲ್ಲು ತುರುಕಲು.

ಆಯುಧಪೂಜೆಯ ದಿನ ಸ್ಕ್ರೂಡ್ರೈವರಿಗೂ ಕುಂಕುಮ ಬಿತ್ತು, ಅಳತೆಯ ಯಂತ್ರಕ್ಕೂ ಬಿತ್ತು. ಕಸ ಗುಡಿಸುವ ಅಂಜಮ್ಮ ಹೂವು ಕೊಡುತ್ತಾ, "ಆ ಕರೀ ಬಟ್ಲಿಗೆ ಇಡ್ಲಿಲ್ವೇನಕ್ಕಾ?" ಎಂದಳು.

"ಅದಕ್ಕೆ ನೀರು ಸೋಕ್ಬಾರ್ದು ಕಣಮ್ಮ. ಕೆಟ್ಟೋಗುತ್ತೆ."

"ಪೂಜೆ ಇಲ್ದೆ ಕೈ ಹಿಡಿಯುತ್ತಾ ಅದು?"

ಎಲ್ಲರೂ ಕಡ್ಲೆಪುರಿಗೆ ಎದ್ದು ಹೋದ ಮೇಲೆ ಸತ್ಯವತಿಗೆ ಮನಸ್ಸು ತಡೆಯಲಿಲ್ಲ. ಬಟ್ಟಲಿಗೆ ತೇವ ತಾಗದಂತೆ ಮುಚ್ಚಿಟ್ಟ ಗಾಜಿನ ಜಾಡಿ ತೆರೆದಳು. ಒಳಗೇನಲ್ಲ, ಹೊರಗೆ, ಅಡಿಯಲ್ಲಿ ಒಂದೇ ಬೊಟ್ಟು ತಾನೇ? ಒಣ ಕುಂಕುಮ ನಿಲ್ಲಲಿಲ್ಲ. ಬೆರಳು ಒದ್ದೆ ಮಾಡಿಕೊಂಡಳು. ಓದಿದವಳೇ, ಈಗಷ್ಟೇ ಇನ್ನೊಬ್ಬರಿಗೆ ಬುದ್ಧಿ ಹೇಳಿದವಳೇ! ಎರಡು ವರ್ಷ ಸೋತ ಮೇಲೆ ಬುದ್ಧಿಯ ಮಾತನ್ನು ಕೈ ಎಲ್ಲಿ ಕೇಳುತ್ತದೆ?

ಪರೀಕ್ಷೆಯ ಬೆಳಿಗ್ಗೆ ಅವಳು ಬೊಟ್ಟನ್ನು ಒಣಬಟ್ಟೆಯಲ್ಲಿ ಒರೆಸಿ ಬಟ್ಟಲನ್ನು ಕೊಟ್ಟಳು. ಗೋಪೀನಾಥರು ತಾವೇ ಬಿಲ್ಲೆಯಿಟ್ಟು ಮುಚ್ಚಳ ಕೂರಿಸಿ, ನೈಟ್ರೋಜನ್ ಸುರಿದರು. ಪರದೆಯ ಮೇಲೆ ಚೂಪಾಗಿ ಏಳಬೇಕಾದ ಗೆರೆ ಅಗಲವಾಗಿ ಮಲಗಿತ್ತು. ತಾಮ್ರವೇ ಇದಕ್ಕಿಂತ ವಾಸಿ ಎಂದು ದೊಡ್ಡವರು ಕಾಫಿ ಕುಡಿದು ಹೊರಟರು.

ಎಲ್ಲ ಬಿಚ್ಚಿದ ಮೇಲೆ ಸತ್ಯವತಿ ಬಟ್ಟಲಿನೊಳಗೆ ನೋಡಿದಳು. ಮಣ್ಣಿನ ಮಡಕೆಯಂತೆ ಅದು ತೇವವನ್ನು ಕುಡಿದಿತ್ತು. ಬೊಟ್ಟಿಟ್ಟ ಜಾಗ ಒಳಗಿನವರೆಗೂ ಪಾಚಿಬಣ್ಣಕ್ಕೆ ತಿರುಗಿತ್ತು.

"ನಾನೇ ಸಾರ್, ಕುಂಕುಮ ಇಟ್ಟೆ. ಎಲ್ಲಾ ಹಾಳ್ಮಾಡ್ದೆ," ಎಂದಳು. ಬೈದುಬಿಡಲಿ, ಒಮ್ಮೆಗೇ ಮುಗಿದುಹೋಗಲಿ ಎಂದು ನಿಂತಳು.

ಗೋಪೀನಾಥರು ಬೈಯಲಿಲ್ಲ. ಮುಚ್ಚಳವನ್ನು ಮಗುಚಿ ಅವಳ ಮುಂದೆ ಹಿಡಿದರು. ಅದರ ಬೆನ್ನಿಗೂ, ಒರೆಸಿದರೂ ಹೋಗದ ಗಂಧದ ಗುರುತಿತ್ತು.

"ಪೂಜೆ ದಿನ ನೀವು ಮನೆಗೆ ಹೋದ್ಮೇಲೆ ಇಟ್ಟೆ ಕಣ್ರೀ," ಎಂದರು. "ನಂಗೂ ಸಾಕಾಗಿಹೋಗಿತ್ತು."

ಮುಂದಿನ ವಾರ ಸತ್ಯವತಿ ಪ್ಯಾಕಿಂಗಿಗೆ ಹೋದಳು. ಹುಲ್ಲು ತುರುಕುತ್ತಾ ಗೋಪೀನಾಥರ ಮೇಲೆ ಸಿಟ್ಟಾಗಲು ನೋಡಿದಳು. ಆಗಲಿಲ್ಲ.