ಠಾಣೆಗೆ ಫೋನ್ ಹೋಗುವ ಮುಂಚೆ

ಬೆಳಗಿನ ಐದೂವರೆ. ಜಗಳೂರು ತಾಲ್ಲೂಕಿನ ಬನ್ನಿಹಟ್ಟಿಯ ಹಾಲಿನ ಡೇರಿಯಲ್ಲಿ ಇಪ್ಪತ್ತಾರು ವರ್ಷದ ಅಂಬಿಕಾ ಹಾಲಿನ ಕೊಬ್ಬಿನಂಶ, ಅಂದರೆ ಫ್ಯಾಟ್ ನೋಡುತ್ತಲೇ ರೈತರೊಬ್ಬರ ದೂರು ಕೇಳುತ್ತಿದ್ದಾರೆ. ಪಕ್ಕದ ಹೊಲದವರು ಮುಳ್ಳು ಬಡಿದು ದಾರಿ ಮುಚ್ಚಿದ್ದಾರಂತೆ.

"ಸ್ಟೇಷನ್‌ಗೆ ಹೋಗಾಕೆ ಯಾರೂ ಬ್ಯಾಡ ಅನ್ನಲ್ಲಣ್ಣ. ಮೊದ್ಲು ಇಬ್ರೂ ಸಂಜಿಕೆ ಊರ ಕಟ್ಟೆಗೆ ಬರ್ರಿ" ಎನ್ನುತ್ತಾರೆ ಅಂಬಿಕಾ.

ಆರು ವರ್ಷದ ಹಿಂದೆ ಊರಿನ ಬೈಲಪ್ಪನವರ ಹೊಲದ ಮೋಟಾರು ಕಾಣೆಯಾಗಿತ್ತು. ಅವರು ಅನುಮಾನದ ಮೇಲೆ ಅಂಬಿಕಾರ ಅಣ್ಣ ತಿಪ್ಪೇಶನ ಹೆಸರು ಹೇಳಿ ಠಾಣೆಗೆ ಫೋನ್ ಮಾಡಿದರು. ಪೊಲೀಸರು ಅವನನ್ನು ಮೂರು ದಿನ ಠಾಣೆಯಲ್ಲೇ ಇಟ್ಟುಕೊಂಡರು. ನಾಲ್ಕನೆಯ ದಿನ ಮೋಟಾರು ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಬೈಲಪ್ಪನವರ ಅಳಿಯನೇ ಕೊಟ್ಟು ಬಂದಿದ್ದ. ಆಮೇಲೂ ತಿಪ್ಪೇಶನನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವನು ಹೊನ್ನಾಳಿಯ ಇಟ್ಟಿಗೆ ಭಟ್ಟಿ ಸೇರಿದ.

"ತಪ್ಪಾತು ಅಂತ ಒಬ್ರೂ ಅನ್ನಲಿಲ್ರೀ" ಎನ್ನುತ್ತಾರೆ ಅಂಬಿಕಾ.

ಆಗ ಅವರು ಊರಿನ ಜಗಳಗಳನ್ನು ಮಾತಾಡಿ ಬಗೆಹರಿಸಲೆಂದು ಜೊತೆಗೆ ಓದಿದವರನ್ನು ಕೂಡಿಸಿದರು. ಈಗ ಹನ್ನೊಂದು ಮಂದಿ ಇದ್ದಾರೆ. ಜಗಳವಾಡಿದ ಇಬ್ಬರ ಮಾತನ್ನೂ ಬೇರೆ ಬೇರೆ ಕೇಳಿ, ಆಮೇಲೆ ಎದುರುಬದುರು ಕೂರಿಸುತ್ತಾರೆ. ದಂಡ ಹಾಕುವುದಿಲ್ಲ. ಕಳೆದ ವರ್ಷ ಬಂದ ನಲವತ್ತಮೂರು ಜಗಳಗಳಲ್ಲಿ ಇಪ್ಪತ್ತೊಂಬತ್ತು ಬಗೆಹರಿದಿವೆ. "ಹೆಣ್ಮಕ್ಕಳ ಮೈ ಮುಟ್ಟಿದ್ದು, ರಕ್ತ ಬಂದಿದ್ದು ಕಟ್ಟೆಮೇಲೆ ಮುಗಿಸಲ್ಲ. ನಾವೇ ಜೊತಿಗೆ ಹೋಗಿ ದೂರು ಕೊಡಿಸ್ತೀವಿ."

ಕಳೆದ ಬೇಸಿಗೆಯಲ್ಲಿ ರಂಗಣ್ಣನವರ ನಾಲ್ಕು ಕುರಿ ಕಾಣೆಯಾದವು. ಜನ ಒಬ್ಬ ಯುವಕನನ್ನು ಹಿಡಿದು ಕಂಬಕ್ಕೆ ಕಟ್ಟಲು ಹಗ್ಗ ತಂದರು. ಅವನು ಬೈಲಪ್ಪನವರ ಮಗ ಕೆಂಚೇಶ್. ಸುದ್ದಿ ಡೇರಿಗೆ ಬಂತು.

"ಸುಳ್ಳು ಯಾಕೆ ಹೇಳ್ಲಿ? ಬೈಲಪ್ಪನೋರಿಗೂ ಗೊತ್ತಾಗ್ಲಿ ಅನ್ನಿಸ್ತು. ಒಂದು ಗಳಿಗಿ ಹಾಲು ಅಳೀತಾನೇ ಕುಂತೆ" ಎನ್ನುತ್ತಾರೆ ಅಂಬಿಕಾ.

ಆದರೂ ಎದ್ದು ಓಡಿದರು. ಗೆಳೆಯರು ಕೈ ಕೈ ಹಿಡಿದು ಕೆಂಚೇಶನ ಸುತ್ತ ನಿಂತರು. "ಎರಡು ತಾಸು ಕೊಡ್ರಿ. ಆಮೇಲೆ ಫೋನ್ ಮಾಡಾದಾದ್ರೆ ಮಾಡ್ರಿ" ಎಂದು ಅಂಬಿಕಾ ಕೇಳಿಕೊಂಡರು. ಇಬ್ಬರು ಬೈಕಿನಲ್ಲಿ ಕುರಿ ಮೇಯುವ ದಾರಿ ಹಿಡಿದು ಹೋದರು. ಮುಂದಿನ ಊರಿನ ಮಂದೆಯಲ್ಲಿ ಬೆರೆತುಹೋಗಿದ್ದ ನಾಲ್ಕೂ ಕುರಿ ಸಿಕ್ಕವು. ರಂಗಣ್ಣ ಕೆಂಚೇಶನ ಕೈ ಹಿಡಿದು, ಎಲ್ಲರ ಎದುರು ತಪ್ಪಾಯಿತೆಂದರು.

ಮರುದಿನ ಬೈಲಪ್ಪ ಡೇರಿಗೆ ಬಂದರು. "ನಿಮ್ಮಣ್ಣನ ನಂಬರ್ ಕೊಡವ್ವ" ಎಂದರು.

ಬೈಲಪ್ಪ ಅವನ ಜೊತೆ ಏನು ಮಾತಾಡಿದರೋ ಅಂಬಿಕಾರಿಗೆ ತಿಳಿಯದು. ತಿಪ್ಪೇಶ್ ಇನ್ನೂ ಊರಿಗೆ ಬಂದಿಲ್ಲ.

"ಬಲವಂತ ಮಾಡಲ್ರೀ. ಬಂದ್ರೆ ಒಂದಿನ ಕಟ್ಟೆಮೇಲೆ ನಮ್ಮ ಪಕ್ಕ ಕುಂದ್ರಲಿ. ಆವತ್ತು ಅವ್ನ ಮಾತು ಯಾರೂ ಕೇಳ್ಲಿಲ್ಲ. ಇನ್ನೊಬ್ರ ಮಾತು ಪೂರ್ತಿ ಯಾಕೆ ಕೇಳ್ಬೇಕು ಅಂತ ಅವ್ನಿಗಿಂತ ಚೆನ್ನಾಗಿ ಗೊತ್ತಿರೋರು ಯಾರದಾರೆ?"