ರೊಟ್ಟಿ ಹಲಗೆಯ ಆಚೆ ಕೂತವಳು

ನನ್ನ ಅಕ್ಕ ಓದಲು ಕಲಿತದ್ದು ಯಾರೂ ಕಲಿಸದೆ. ಇದನ್ನು ನಾನು ಹೆಮ್ಮೆಯಿಂದ ಹೇಳಬೇಕು. ಆದರೆ ಹೇಳಲು ಹೊರಟರೆ ಸಿಟ್ಟೇ ಮೊದಲು ಬರುತ್ತದೆ. ಎಪ್ಪತ್ತು ದಾಟಿದ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳುತ್ತಾರೆ. ಅವರಿಗೇನು, ಹೇಳಿ ಹೋಗುತ್ತಾರೆ.

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಹತ್ತಿ ಮಂಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದ. ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಅವಳನ್ನು ಶಾಲೆಗೆ ಹಾಕುವ ವಯಸ್ಸಿಗೆ ಸರಿಯಾಗಿ ನಾನು ಹುಟ್ಟಿದೆ, ಅವ್ವ ಹಾಸಿಗೆ ಹಿಡಿದಳು. ನನ್ನನ್ನು ಸೊಂಟಕ್ಕೇರಿಸಿಕೊಂಡು ತಿರುಗಿದವಳು ಅಕ್ಕ, ಒಲೆಯ ಮುಂದೆ ಕೂತವಳೂ ಅವಳೇ. ಅವ್ವ ಎದ್ದು ಓಡಾಡುವಷ್ಟಾದ ಮೇಲೂ ಒಲೆ ಅವಳ ಪಾಲಿಗೇ ಉಳಿಯಿತು. ಐವತ್ತರ ದಶಕದ ನಡುವಿನಲ್ಲಿ, ನಾನು ಸ್ಲೇಟು ಹಿಡಿಯುವ ಹೊತ್ತಿಗೆ, ಓಣಿಯ ಹೆಣ್ಣುಮಕ್ಕಳೆಲ್ಲ ಶಾಲೆಗೆ ಹೋಗತೊಡಗಿದ್ದರು. ಅಕ್ಕನ ವಯಸ್ಸು ಅಷ್ಟರಲ್ಲಿ ಮೀರಿತ್ತು.

ಆಗ ಓದುವುದೆಂದರೆ ಬಾಯಿಬಿಟ್ಟು ಓದುವುದೇ. ಸಂಜೆಯಾದರೆ ಮನೆಮನೆಯ ಮಕ್ಕಳ ಓದು ರಾಗವಾಗಿ ಬೀದಿಗೆ ಕೇಳುತ್ತಿತ್ತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಹಿತ್ತಿಲಲ್ಲಿ ಜೋಳ ಹಸನು ಮಾಡುತ್ತ, ಕಿವಿಯಿಂದಲೇ ನನ್ನ ಓದನ್ನು ಕಾಯುತ್ತಿದ್ದಳು. ದನಿ ತುಸು ತಗ್ಗಿದರೆ ಸಾಕು, "ಯಾಕ, ನಿದ್ದಿ ಬಂತೇನು? ಜೋರಾಗಿ ಓದು," ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲ ಬಳಿ, ಹೆಗಲ ಮೇಲಿಂದ ಬೆಳಕು ಬೀಳುವ ಹಾಗೆ ಕೂತು, ಪುಸ್ತಕವನ್ನು ನೆಲದ ಮೇಲೆ ಬಿಚ್ಚಿ, ಬೆರಳಿಟ್ಟು ಓದುತ್ತಿದ್ದೆ. ನನ್ನ ಎದುರಿಗೆ ರೊಟ್ಟಿ ಬಡಿಯುವ ಹಲಗೆ. ಹಲಗೆಯ ಆಚೆ ನನ್ನ ಕಡೆ ಮುಖ ಮಾಡಿ ಅಕ್ಕ.

ಮೂರನೇ ಕ್ಲಾಸಿನಲ್ಲಿರುವಾಗ ಒಂದು ಸಂಜೆ, ಬೇಗ ಮುಗಿಸಿ ಆಡಲು ಹೋಗುವ ಆಸೆಗೆ ಒಂದು ಸಾಲು ಹಾರಿಸಿ ಓದಿದೆ. ಅವ್ವನಿಗೆ ಹೇಗೂ ತಿಳಿಯುವುದಿಲ್ಲ.

"ಒಂದು ಸಾಲು ನುಂಗಿದಿ ನೋಡು," ಎಂದಳು ಅಕ್ಕ. ಅವಳ ಹಿಟ್ಟಿನ ಬೆರಳು ಸರಿಯಾಗಿ ಆ ಸಾಲಿಗೇ ಬಂದಿತ್ತು.

"ನಿಂಗೆ ಹೆಂಗೆ ಗೊತ್ತಾತು?"

"ಕಾಣ್ತೈತಲ್ಲ."

ನನಗೆ ನಂಬಿಕೆಯಾಗಲಿಲ್ಲ. ಪುಸ್ತಕವನ್ನು ಅವಳ ಕಡೆಗೆ ನೇರವಾಗಿ ತಿರುಗಿಸಿ, "ಹಂಗಾದ್ರೆ ಓದು ನೋಡಾಣ," ಎಂದೆ. ಅಕ್ಕ ನೋಡಿದಳು, ಹುಬ್ಬು ಗಂಟಿಕ್ಕಿದಳು. "ಇದು ಬ್ಯಾರೆ ಪುಸ್ತಕ ಆದಂಗಾತು. ಮೊದ್ಲಿನಂಗೆ ಇಡು," ಎಂದಳು. ಮೊದಲಿನಂತೆ ಇಟ್ಟೆ. ನೀರು ಕುಡಿದಷ್ಟು ಸಲೀಸಾಗಿ ಪುಟವಿಡೀ ಓದಿದಳು.

ಆಗ ನನಗೆ ಅರ್ಥವಾಯಿತು. ಅಷ್ಟು ವರ್ಷ ನನ್ನ ದನಿ ಕೇಳುತ್ತ, ನನ್ನ ಬೆರಳು ಓಡುವುದನ್ನು ನೋಡುತ್ತ, ಎದುರು ದಿಕ್ಕಿನಿಂದಲೇ ಅವಳು ಅಕ್ಷರ ಕಲಿತಿದ್ದಳು. ಅವಳ ಕಣ್ಣಿಗೆ ಅಕ್ಷರದ ತಲೆಕಟ್ಟು ಕಾಲಿನ ಚಪ್ಪಲಿಯಾಗಿತ್ತು, ಒತ್ತಕ್ಷರ ತಲೆಯ ಮೇಲಿನ ಹೊರೆಯಾಗಿತ್ತು. ಸಾಲು ಬಲದಿಂದ ಎಡಕ್ಕೆ ಹೋಗುತ್ತಿತ್ತು. ಅಕ್ಷರ ಇರುವುದೇ ಹಾಗೆ ಎಂದು ಅವಳು ತಿಳಿದಿದ್ದಳು. ಬೇರೆ ಹೇಗೂ ಅವಳು ನೋಡಿರಲೇ ಇಲ್ಲ.

ನಾನು ಅವಳಿಗೆ ಬಾವಲಿ ಎಂದು ಹೆಸರಿಟ್ಟೆ. "ಬಾವಲಿ, ಇದನ್ನ ಓದು," ಎಂದು ಬೆಲ್ಲ ಕಟ್ಟಿದ ಪೇಪರಿನ ಚೂರು ಕೊಟ್ಟರೆ, ಅದನ್ನು ತೊಡೆಯ ಮೇಲೆ ಸವರಿ, ತಿರುವಿ ಹಿಡಿದು, ಅರ್ಧಕ್ಕೆ ಹರಿದುಹೋದ ಸುದ್ದಿಯನ್ನೂ ಬಿಡದೆ ಓದುತ್ತಿದ್ದಳು. ಓದುವ ಹಸಿವು ಅವಳಿಗಿದ್ದಷ್ಟು ನನಗಿರಲಿಲ್ಲ, ಶಾಲೆಗೆ ಹೋದವಳು ನಾನಾದರೂ. ಆದರೆ ಮಂಡಿಪೇಟೆಯಲ್ಲಿ ಸಾಮಾನಿಗೆ ಹೋದಾಗ ಅವಳು ಮಂಕಾಗುತ್ತಿದ್ದಳು. ಅಂಗಡಿಗಳ ಬೋರ್ಡು ಒಂದೂ ಓದಲು ಬರುತ್ತಿರಲಿಲ್ಲ. ಕತ್ತು ಓರೆ ಮಾಡಿ ನೋಡಿ ಸೋತು, "ಇಳಿಸಿ ತಿರುವಿ ಕೊಟ್ರೆ ನಾನೂ ಓದ್ತಿದ್ದೆ," ಎನ್ನುತ್ತಿದ್ದಳು. ಇಬ್ಬರೂ ನಗುತ್ತ ಬರುತ್ತಿದ್ದೆವು. ಹೊಸ ಬೋರ್ಡು ಕಂಡರೆ ನಾನೇ ಓದಿ ಹೇಳುತ್ತಿದ್ದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಹರಿಹರದಿಂದ ಅಕ್ಕನಿಗೆ ಗಂಡು ಬಂತು. ಹುಡುಗ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಓದು ಬರಹ ಬರುವ ಹೆಣ್ಣೇ ಬೇಕು ಎಂಬುದೊಂದೇ ಅವರ ಮಾತು. ಮನೆಗೆ ದಿನವೂ ಪೇಪರ್ ಬರುತ್ತದೆ, ಒಂದು ಕಪಾಟಿನ ತುಂಬ ಪುಸ್ತಕ ಇವೆ ಎಂದು ಮಾತು ತಂದ ದೊಡ್ಡಪ್ಪ ಹೇಳಿದ. ಅಕ್ಕ ಬಾಗಿಲ ಸಂದಿಯಿಂದ ಕೇಳಿಸಿಕೊಂಡು, ಅವನು ಹೋದ ಮೇಲೆ ಅವ್ವನನ್ನು ಕೇಳಿದಳು: "ನಿಜವಾಗ್ಲೂ ದಿನಾ ಪೇಪರ್ ಬರ್ತೈತಂತಾ?"

"ಗಂಡು ಹೆಂಗೈತೆ ಅಂತ ಕೇಳಾದು ಬಿಟ್ಟು ಪೇಪರ್ ಕೇಳ್ತಾಳೆ ನೋಡು," ಎಂದು ಅವ್ವ ನಕ್ಕಳು.

ಅಕ್ಕ ನಗಲಿಲ್ಲ. ಅವಳಿಗೆ ಆ ಮನೆ ಬೇಕಾಗಿತ್ತು. ಒಲೆಗೆ ಹಾಕುವ ಮೊದಲು ಕದ್ದು ಓದಬೇಕಿಲ್ಲದ ಪೇಪರ್, ಕೂತು ಓದಿದರೆ ಯಾರೂ ಬೈಯದ ಮನೆ. ಅವಳು ಅಷ್ಟು ಆಸೆಪಟ್ಟು ಏನನ್ನೂ ಕೇಳಿದ್ದು ನಾನು ನೋಡಿರಲಿಲ್ಲ. ಅವರು ಬರುವವರೆಗೆ ದಿನವೂ ಹಿತ್ತಿಲಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಓದಿಸಿದೆ. ಎಡಗೈಯಲ್ಲಿ ಉಣ್ಣಲು ಹೇಳಿದಂತೆ ಒದ್ದಾಡಿದಳು. ಕಡೆಕಡೆಗೆ ತಡೆತಡೆದು ಓದುವಷ್ಟಾಯಿತು. "ಮೆಲ್ಲಕೆ ಓದಿದ್ರೆ ಸಾಕು, ನಾಚ್ಕಿ ಅಂದ್ಕಂತಾರೆ," ಎಂದು ನಾನು ಧೈರ್ಯ ಹೇಳಿದೆ.

ಹುಡುಗ, ಅವನ ಅಪ್ಪ, ಅಪ್ಪನ ಅಕ್ಕ, ಮೂರು ಜನ ಬಂದರು. "ಬರ್ರಿ, ಕೂಡ್ರಿ," ಎಂದು ಅಪ್ಪ ಕಂಬಳಿ ಹಾಸಿದ. ಉಪ್ಪಿಟ್ಟು, ಚಹಾ ಆಯಿತು. ಹುಡುಗನ ಅಪ್ಪ ಒಳ್ಳೆಯ ಮನುಷ್ಯ. ಕಂಕುಳಲ್ಲಿದ್ದ ಪೇಪರ್ ತೆಗೆದು ಅಕ್ಕನ ಕೈಗೆ ಕೊಟ್ಟು, "ನಾಕು ಸಾಲು ಓದು ತಾಯಿ, ಹೆದರಬ್ಯಾಡ," ಎಂದರು.

ಅಕ್ಕ ಹೆದರಿಯೇ ಇದ್ದಳು. ಆ ಹೆದರಿಕೆಯಲ್ಲಿ ಹಿತ್ತಿಲಿನ ಪಾಠ ಎಲ್ಲಿ ಹೋಯಿತೋ, ಕೈ ತಾನಾಗಿ ಪೇಪರನ್ನು ತಿರುವಿ ಹಿಡಿಯಿತು.

ಹುಡುಗನ ಸೋದರತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹುಡುಗನ ಅಪ್ಪ, "ತಲೆಕೆಳಗಾಗೈತೆ ತಾಯಿ," ಎನ್ನುವಷ್ಟರಲ್ಲಿ ಅಕ್ಕ ಓದಲು ಶುರು ಮಾಡಿದ್ದಳು. ಕಾಲುವೆಗೆ ನೀರು ಬಿಡುವ ಸುದ್ದಿ. ಒಂದು ಕಡೆಯೂ ತಡೆಯಲಿಲ್ಲ. ಅವಳು ಅಷ್ಟು ಚೆನ್ನಾಗಿ ಓದಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಹುಡುಗ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಓದು ಮುಗಿದ ಮೇಲೆ ಅವನ ಅಪ್ಪ ಪೇಪರ್ ಇಸಿದುಕೊಂಡು, ಕನ್ನಡಕ ಏರಿಸಿ, ಸಾಲುಸಾಲು ತಾಳೆ ನೋಡಿದರು. "ಶಹಬ್ಬಾಸ್. ಒಂದಕ್ಷರ ತಪ್ಪಿಲ್ಲ," ಎಂದರು.

ಅಷ್ಟಕ್ಕೇ ನಿಂತಿದ್ದರೆ ಅಕ್ಕ ಹರಿಹರದ ಸೊಸೆಯಾಗುತ್ತಿದ್ದಳು. ಆ ಹೆಂಗಸು ನಗುವುದನ್ನು ಬಿಟ್ಟು ಎದ್ದು ನಿಂತಳು. "ತಲೆಕೆಳಗೆ ಓದಾದು ಮಾಟ ಮಾಡೋರು. ಇಂಥಾಕಿ ಮನೀಗೆ ಬಂದ್ರೆ ಮನೀನೇ ತಲೆಕೆಳಗಾಗ್ತೈತೆ. ಏಳ್ರಿ," ಎಂದಳು.

ಅಪ್ಪ ಕೈಮುಗಿದು ಇಡೀ ಕತೆ ಬಿಡಿಸಿ ಹೇಳಿದ, ರೊಟ್ಟಿ ಹಲಗೆ, ಎದುರಿಗೆ ಕೂಡುವುದು, ಎಲ್ಲ. ಹುಡುಗನ ಅಪ್ಪ ತಲೆಯಾಡಿಸಿ ಕೇಳಿದರು. ಆದರೆ ತಮ್ಮ ಅಕ್ಕನ ಮಾತು ಮೀರುವ ಧೈರ್ಯ ಅವರಿಗಿರಲಿಲ್ಲ. ಹುಡುಗನಂತೂ ಬಾಯೇ ಬಿಡಲಿಲ್ಲ. ಅಷ್ಟು ಪುಸ್ತಕ ಓದಿ ಏನು ಉಪಯೋಗವಾಯಿತು ಅವನಿಗೆ? ಇವತ್ತಿಗೂ ಕೇಳಬೇಕೆನಿಸುತ್ತದೆ. ಬೇಡವೆಂದು ವಾರದೊಳಗೆ ದೊಡ್ಡಪ್ಪನ ಕೈಯಲ್ಲಿ ಹೇಳಿ ಕಳಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಣಿಯಲ್ಲಿ ಹರಡಿದ ಆ ಮಾಟದ ಮಾತು ನಮ್ಮಕ್ಕನ ಬಾಳಿಗೆ ಕಲ್ಲು ಹಾಕಿತು. ನಲ್ಲಿಯ ಹತ್ತಿರ ಹೆಂಗಸರು ಅವಳ ಕೊಡಕ್ಕೆ ಕೊಡ ತಾಗಿಸದೆ ಸರಿದು ನಿಲ್ಲುತ್ತಿದ್ದರು.

ಅಕ್ಕ ಅತ್ತಿದ್ದನ್ನು ನಾನು ನೋಡಲಿಲ್ಲ. ಒಂದು ಸಂಜೆ ಶಾಲೆಯಿಂದ ಬಂದರೆ ರೊಟ್ಟಿ ಹಲಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕಿಕೊಂಡು, ನನಗೆ ಬೆನ್ನು ಮಾಡಿ ಕೂತಿದ್ದಳು. ಯಾರೂ ಹೇಳಿರಲಿಲ್ಲ. ನಾನು ಅವಳ ಬೆನ್ನಿಗೆ ಕೆಲವು ದಿನ ಓದಿದೆ.

ಆಮೇಲೆ ಒಂದು ದಿನ, ತಿರುಗದೆಯೇ ಹೇಳಿದಳು. "ತಂಗಿ, ಮನಸ್ನಾಗೆ ಓದ್ಕಾ. ನೀನು ಓದಾದು ಕೇಳಿದ್ರೆ ತಿರುಗಿ ಪುಸ್ತಕ ನೋಡು ಅಂತೈತೆ ಕಣ್ಣು."

ಮನಸ್ಸಿನಲ್ಲಿ ಓದುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ದನಿ ನಿಲ್ಲಿಸಿದರೆ ತುಟಿ ಅಲುಗುತ್ತಿತ್ತು, ತುಟಿ ಬಿಗಿ ಹಿಡಿದರೆ ನಾಲಿಗೆ ಒಳಗೇ ಓಡುತ್ತಿತ್ತು, ನಾಲಿಗೆ ಕಚ್ಚಿಕೊಂಡರೆ ಅಕ್ಷರವೇ ತಿಳಿಯುತ್ತಿರಲಿಲ್ಲ. ಹಿತ್ತಿಲಿಂದ ಅವ್ವ, "ಓದ್ತಿಯೋ ಇಲ್ಲೋ?" ಎಂದು ಕೂಗಿದರೆ ಅಕ್ಕ ನನ್ನ ಪರವಾಗಿ, "ಓದಾಕತ್ತಾಳೆ ಬಿಡವ್ವ," ಎನ್ನುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಬಾಯಿ, ತುಟಿ, ನಾಲಿಗೆ ಎಲ್ಲ ಸುಮ್ಮನಾದವು. ಕಣ್ಣು ಒಂದೇ ಓಡುತ್ತಿತ್ತು. ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ನೋಡ್ರಿ, ದೊಡ್ಡೋರು ಓದಾದು ಹಿಂಗೆ. ಯಾರು ಕಲಿಸಿದ್ರು ನಿಂಗೆ?" ಎಂದರು. ಅಕ್ಕನ ಹೆಸರು ಹೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಮರುವರ್ಷ ಆನೆಕೊಂಡದಲ್ಲಿ ಅಕ್ಕನಿಗೆ ಸಂಬಂಧ ಕೂಡಿತು. ಹೊಲ ಮನೆ ಇದ್ದವರು, ಗಂಡನೂ ಕೆಟ್ಟವನಲ್ಲ. ಆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದ ಕ್ಯಾಲೆಂಡರ್ ಬಿಟ್ಟರೆ ಬೇರೆ ಅಕ್ಷರವಿರಲಿಲ್ಲ. ಹೆಣ್ಣಿಗೆ ಓದು ಬರುತ್ತದೋ ಎಂದು ಅವರು ಕೇಳಲಿಲ್ಲ, ನಮ್ಮವರೂ ಹೇಳಲಿಲ್ಲ.

ಮದುಮಗಳಿಗೆ ಅರಿಶಿಣ ಹಚ್ಚಿದ ಮೇಲೆ ಒಲೆ ಮುಟ್ಟಗೊಡುವುದಿಲ್ಲ. ಅದರ ಹಿಂದಿನ ಸಂಜೆ ಅಕ್ಕ ಎಂದಿನಂತೆ ಗೋಡೆಗೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಯಿಮುಚ್ಚಿ ಓದುತ್ತಿದ್ದೆ.

"ಇವತ್ತು ಜೋರಾಗಿ ಓದು," ಎಂದಳು.

ಪಾಠದ ಮೊದಲಿಗೆ ಪುಟ ತಿರುವಿದೆ. ಆಮೇಲೆ ಓದಿದೆ. ರೊಟ್ಟಿ ಬಡಿಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು. ನಿಂತಾಗ ನಾನೂ ನಿಧಾನ ಮಾಡುತ್ತಿದ್ದೆ. ಪಾಠ ಮುಗಿಯಿತು.

"ಮುಂದಿಂದು?" ಎಂದು ಕೇಳಿದಳು.

"ನಾಳೆ ಓದ್ತೀನಿ," ಎಂದೆ. ದಿನವೂ ಹೇಳಿ ರೂಢಿಯಾಗಿದ್ದ ಮಾತು.

ಅಕ್ಕ ಹಿಟ್ಟಿನ ಕೈಯಲ್ಲೇ ತಿರುಗಿದಳು. ಪುಸ್ತಕದ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ಹ್ಞೂಂ, ನಾಳೆ ಓದುವಂತಿ," ಎಂದಳು.