ಊರಿಗೆಂದು ಎತ್ತಿಟ್ಟ ಸೀರೆಗಳು

ಮದುವೆಯಾಗಿ ಬರೋಡಕ್ಕೆ ಬಂದಾಗ ನನ್ನ ಜೊತೆ ಒಂದು ಕಪ್ಪು ಕಬ್ಬಿಣದ ಟ್ರಂಕು ಬಂತು. ಅದರಲ್ಲಿದ್ದ ಸೀರೆಗಳಲ್ಲಿ ಮುಕ್ಕಾಲು ಪಾಲು ಬರೋಡದಲ್ಲಿ ಉಡುವುದಕ್ಕಲ್ಲ ಎಂದು ಮೈಸೂರು ಬಿಡುವ ಮೊದಲೇ ತೀರ್ಮಾನವಾಗಿತ್ತು. ಧಾರೆ ಸೀರೆ, ಆರತಕ್ಷತೆಯ ಹಸಿರು ಮೈಸೂರು ಸಿಲ್ಕು, ಅತ್ತೆಯವರು ಕೊಟ್ಟ ಧರ್ಮಾವರಂ, ಇವೆಲ್ಲ 'ಊರಿಗೆ'. ನಾಲ್ಕಾರು ವಾಯಿಲ್ ಸೀರೆಗಳು 'ಅಲ್ಲಿಗೆ'. ಟ್ರಂಕು ಮುಚ್ಚುವಾಗ ಅಮ್ಮ, "ಅಲ್ಲಿ ಇವನ್ನೆಲ್ಲ ಉಟ್ಕೊಂಡು ಯಾರಿಗೆ ತೋರಿಸ್ಬೇಕೇ? ಇಲ್ಲಿಗೆ ಬಂದಾಗ ಉಟ್ಕೋ" ಅಂದರು. ನನಗೂ ಅದು ಸರಿಯಾಗಿಯೇ ಕಂಡಿತು. ಒಳ್ಳೆಯ ಸೀರೆ ಉಟ್ಟರೆ ಅದರ ಅಂಚು ಹಿಡಿದು ನೋಡಿ, ಎಲ್ಲಿ ತೆಗೆದುಕೊಂಡಿರಿ ಎಂದು ಕೇಳುವವರಾದರೂ ಬೇಕಲ್ಲ.

ಯಜಮಾನರು ವಿಮಾ ಕಚೇರಿಯಲ್ಲಿದ್ದರು. "ಮೂರು ವರ್ಷ ಕಣೇ, ಆಮೇಲೆ ಮೈಸೂರು ಕಡೆ ಹಾಕಿಸ್ಕೋತೀನಿ" ಎಂದು ಅವರು ರೈಲಿನಲ್ಲೇ ಹೇಳಿದ್ದರು. ಆ ಮಾತನ್ನು ನಾನು ಭದ್ರವಾಗಿ ಸೆರಗಿಗೆ ಗಂಟು ಹಾಕಿಕೊಂಡೆ. ಸೀರೆಯನ್ನಷ್ಟೇ ಅಲ್ಲ, ಮನೆಯ ಎಲ್ಲವನ್ನೂ ಎರಡು ಪಾಲು ಮಾಡಿದೆ. ಬೆಳ್ಳಿ ದೀಪ ಊರಿಗೆ, ಹಿತ್ತಾಳೆಯದು ಇಲ್ಲಿಗೆ. ಕಸೂತಿ ಹಾಕಿದ ದಿಂಬಿನ ಚೀಲ ಊರಿಗೆ, ಬರಿಯದು ಇಲ್ಲಿಗೆ. ಫತೇಗಂಜಿನ ಹಿಂದಿನ ಓಣಿಯಲ್ಲಿ ನಮಗೆ ಎರಡು ಕೋಣೆಯ ಬಾಡಿಗೆ ಮನೆಯಿತ್ತು. ಅದರ ಗೋಡೆಗೆ ಒಂದು ಮೊಳೆ ಹೊಡೆಯಲೂ ನಾನು ಬಿಡಲಿಲ್ಲ. ನಾಳೆ ಹೋಗುವವರಿಗೆ ಮೊಳೆ ಯಾಕೆ? ಕ್ಯಾಲೆಂಡರು ಕಿಟಕಿಯ ಕಂಬಿಗೆ ನೇತಾಡುತ್ತಿತ್ತು. ನಗುವನ್ನೂ ಹೆಚ್ಚುಕಡಿಮೆ ಊರಿಗೇ ಎತ್ತಿಟ್ಟಿದ್ದೆ ಎಂದು ಈಗ ಅನ್ನಿಸುತ್ತದೆ.

ಎದುರು ಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ಅವರನ್ನು ಓಣಿಯೆಲ್ಲ 'ಬಾ' ಎಂದು ಕರೆಯುತ್ತಿತ್ತು. ಗುಜರಾತಿಯಲ್ಲಿ ಬಾ ಅಂದರೆ ತಾಯಿ. ಅವರ ಸೊಸೆಗೆ ನನ್ನದೇ ವಯಸ್ಸು. ಆ ಹುಡುಗಿ ಹೊಚ್ಚ ಹೊಸ ಬಾಂಧಣಿ ಸೀರೆ ಉಟ್ಟು ತರಕಾರಿ ತರಲು ಹೊರಡುವಳು, ಅದರ ಸೆರಗಿನಲ್ಲೇ ಮಗುವಿನ ಮೂಗು ಒರೆಸುವಳು. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೀರೆಗಳು ಹಳತಾದ ಮೇಲೆ, ಬುಟ್ಟಿಯಲ್ಲಿ ಸ್ಟೀಲು ಪಾತ್ರೆ ಹೊತ್ತು ಕೂಗಿಕೊಂಡು ಬರುವ ಹೆಂಗಸಿಗೆ ಅವನ್ನು ಕೊಟ್ಟು ಡಬ್ಬಿಯನ್ನೋ ತಟ್ಟೆಯನ್ನೋ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಬಾ ನನ್ನನ್ನೂ ಕರೆದು, ನೀನೂ ಹಳೆ ಬಟ್ಟೆ ತಾ ಎಂದು ಸನ್ನೆ ಮಾಡಿದರು. ಕೊಡುವುದಕ್ಕೆ ನನ್ನ ಹತ್ತಿರ ಹಳೆ ಬಟ್ಟೆಯೇ ಇರಲಿಲ್ಲ. ಇದ್ದ ಹಳತನ್ನೆಲ್ಲ ನಾನು ಉಟ್ಟುಕೊಂಡಿದ್ದೆ.

ಮದುವೆಯ ನಂತರದ ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗಲೇಬೇಕಲ್ಲ, ಹಾಗಾಗಿ ಆ ವರ್ಷ ನಾವು ಮೈಸೂರಿನಲ್ಲಿದ್ದೆವು. ಟ್ರಂಕಿನ ಅಷ್ಟೂ ಸೀರೆಗಳನ್ನು ಹೊತ್ತುಕೊಂಡು ಹೋಗಿ, ಉಟ್ಟು, ಮೆರೆದು, ಮತ್ತೆ ಹೊತ್ತುಕೊಂಡು ಬಂದೆ. ಬರೋಡದ ದೀಪಾವಳಿ ಹೇಗಿರುತ್ತದೆ ಎಂದು ನೋಡುವ ಅವಕಾಶ ಸಿಕ್ಕಿದ್ದು ಎರಡನೆಯ ವರ್ಷ. ನೋಡುವ ಮನಸ್ಸು ಮಾತ್ರ ನನಗಿರಲಿಲ್ಲ. ಹಬ್ಬಕ್ಕೆ ಸ್ವಲ್ಪ ಮೊದಲು ಇವರು ಹಾಕಿಕೊಂಡಿದ್ದ ವರ್ಗದ ಅರ್ಜಿಗೆ, ಸದ್ಯಕ್ಕೆ ಸಾಧ್ಯವಿಲ್ಲ ಎಂಬ ಉತ್ತರ ಬಂದಿತ್ತು. ಸದ್ಯಕ್ಕೆ ಅಂದರೆ ಎಷ್ಟು ವರ್ಷ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

"ಹಾಗಾದ್ರೆ ನನ್ನನ್ನ ಊರಿಗೆ ಕಳಿಸ್ಬಿಡಿ. ನೀವಿಲ್ಲಿರಿ, ರಜ ಸಿಕ್ಕಿದಾಗ ಬನ್ನಿ" ಅಂದೆ.

ಅವರು ಮೊದಲು ತಮಾಷೆ ಅಂದುಕೊಂಡರು. ನನ್ನ ಮುಖ ನೋಡಿ ಅಲ್ಲವೆಂದು ತಿಳಿಯಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಹೆಣ್ಣು ತವರಿಗೆ ಹೋಗಿ ಕೂತರೆ ಜನ ಏನೆನ್ನುತ್ತಾರೆ, ಹಾಗೆ ಹೋದವಳು ಮತ್ತೆ ಯಾವಾಗ ಬರುತ್ತಾಳೆ, ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ. "ಹಬ್ಬ ಕಳೀಲಿ, ನೋಡೋಣ" ಎಂದು ಅವರು ಎದ್ದು ಹೋದರು.

ಹಬ್ಬ ಬಂತು. ನಮ್ಮ ಕಡೆ ಹೊಸ ಬಟ್ಟೆಯ ಸಡಗರವೆಲ್ಲ ನರಕ ಚತುರ್ದಶಿಯ ಬೆಳಗಿಗೆ. ಎಣ್ಣೆನೀರು ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡೇ ಹಸಿರು ಮೈಸೂರು ಸಿಲ್ಕು ಉಟ್ಟು, ಅವರಿಗೆ ಆರತಿ ಎತ್ತಿ ನಮಸ್ಕಾರ ಮಾಡಿದೆ. ತಿಂಡಿಗೆ ಒಲೆ ಹಚ್ಚುವ ಮೊದಲೇ ಸೀರೆ ಬಿಚ್ಚಿ ಮಡಿಸತೊಡಗಿದೆ.

"ಒಂದ್ ಗಳಿಗೆ ಮೈಮೇಲಿರ್ಲಿ ಬಿಡೇ, ಚೆನ್ನಾಗಿ ಕಾಣ್ತೀಯ" ಅಂದರು.

"ಕಂಡ್ರಲ್ಲ, ಸಾಕು. ಎಣ್ಣೆ ತಾಗಿದ್ರೆ ಜರಿ ಹಾಳಾಗತ್ತೆ" ಎಂದು ಟ್ರಂಕಿನ ಚಿಲಕ ಹಾಕಿದೆ. ನನ್ನ ಮಟ್ಟಿಗೆ ದೀಪಾವಳಿ ಅಲ್ಲಿಗೆ ಮುಗಿದಿತ್ತು.

ಅಮಾವಾಸ್ಯೆಯ ಸಂಜೆ ಜಗಳವಾಯಿತು. ಅವರ ಕಚೇರಿಯವರೊಬ್ಬರು ಮುಂದಿನ ವಾರ ಸಂಸಾರ ಸಮೇತ ಬೆಂಗಳೂರಿಗೆ ಹೊರಟಿದ್ದರು. ಅವರ ಜೊತೆ ನನ್ನನ್ನೂ ಕಳಿಸಿ ಎಂದು ಪಟ್ಟು ಹಿಡಿದೆ. ಇವರು ತಟ್ಟೆಯ ಮುಂದಿನಿಂದ ಎದ್ದು, "ಆಯ್ತು, ಬೆಳಿಗ್ಗೆ ಎದ್ದವನೇ ಸ್ಟೇಷನ್ನಿಗೆ ಹೋಗಿ ಟಿಕೆಟ್ ತರ್ತೀನಿ" ಅಂದರು. ನಾನು ಬೇಡಿದ್ದು ನನಗೆ ಸಿಕ್ಕಿತ್ತು. ಗೋಡೆಯ ಕಡೆ ತಿರುಗಿ ಅತ್ತು ಅತ್ತು ಮಲಗಿದೆ.

ಮರುದಿನ ಪಾಡ್ಯ. ನಮ್ಮ ಮನೆಯಲ್ಲಿ ಅಂದು ಒಂದು ಪಾಯಸ ಮಾಡಿದರೆ ಆಯಿತು. ಗುಜರಾತಿಗಳಿಗೆ ಅದೇ ಹೊಸ ವರ್ಷದ ಮೊದಲ ದಿನ. ಇನ್ನೂ ಬೆಳಕು ಹರಿಯುವ ಮೊದಲೇ "ಸಬ್‌ರಸ್, ಸಬ್‌ರಸ್" ಎಂದು ಕೂಗುತ್ತ ಉಪ್ಪು ಮಾರುವವರು ಬಂದರು. ಶುಭವೆಂದು ಪ್ರತಿ ಮನೆಯವರೂ ಹೊರಬಂದು ಒಂದು ಹಿಡಿ ಉಪ್ಪು ಕೊಳ್ಳುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಆಗ ಮಾತ್ರ, ಹಬ್ಬದ ದಿನ ಉಪ್ಪಿನವರ ಕಾಟವೇನು ಎಂದು ಗೊಣಗಿ ಹೊದಿಕೆ ಎಳೆದುಕೊಂಡೆ. ಇವರು ಮುಖ ಗಂಟು ಹಾಕಿಕೊಂಡು ಸ್ಟೇಷನ್ನಿಗೆ ಹೊರಟುಹೋದರು. ನಾನು ರಂಗೋಲಿ ಹಾಕಲಿಲ್ಲ, ತಲೆ ಬಾಚಲಿಲ್ಲ. ಕೈಗೆ ಸಿಕ್ಕಿದ ವಾಯಿಲ್ ಸೀರೆ ಸುತ್ತಿಕೊಂಡೆ. ಒಂದು ಕಾಲದಲ್ಲಿ ಅದರ ಮೇಲೆ ನೀಲಿ ಹೂಗಳಿದ್ದವು. ಒಗೆದು ಒಗೆದು ಈಗ ಬಿಳಿಯಷ್ಟೇ ಉಳಿದಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಬಾ, ಅವರ ಸೊಸೆ, ಜೊತೆಗೆ ಓಣಿಯ ಇನ್ನೂ ಮೂರು ನಾಲ್ಕು ಹೆಂಗಸರು. ಗರಿಗರಿ ರೇಷ್ಮೆ, ಮೈತುಂಬ ಒಡವೆ, ಸೊಸೆಯ ಕೈಯಲ್ಲಿ ಸಿಹಿ ತುಂಬಿದ ತಟ್ಟೆ. ಬಾ ನಗುತ್ತ ಏನೋ ಹೇಳಲು ಬಾಯಿ ತೆರೆದವರು ನನ್ನನ್ನು ನೋಡಿ ಸುಮ್ಮನಾದರು. ನನ್ನ ಊದಿದ ಕಣ್ಣು, ಕೆದರಿದ ತಲೆ, ಬಿಳಿ ಸೀರೆ, ಬರಿದಾದ ಹೊಸ್ತಿಲು, ಎಲ್ಲವನ್ನೂ ಒಮ್ಮೆ ನೋಡಿದರು. ತಿರುಗಿ ಸೊಸೆಗೆ ಮೆಲ್ಲನೆ ಏನೋ ಅಂದರು. ಸಿಹಿಯ ತಟ್ಟೆ ಬಂದ ದಾರಿಯಲ್ಲೇ ವಾಪಸು ಹೋಯಿತು.

ಉಳಿದವರು ಒಳಗೆ ಬಂದು ತಲೆಯ ಮೇಲೆ ಸೆರಗು ಎಳೆದುಕೊಂಡು ಚಾಪೆಯ ಮೇಲೆ ಕೂತರು. ಬಾ ನನ್ನ ಕೈ ಹಿಡಿದು ತಮ್ಮ ಅರೆಬರೆ ಹಿಂದಿಯಲ್ಲಿ ಊರಿನ ವಿಚಾರ ಕೇಳಿದರು. ಊರು ಎಂದು ಕಿವಿಗೆ ಬಿದ್ದದ್ದೇ ತಡ, ನನಗೆ ಅಳು ಒತ್ತರಿಸಿ ಬಂತು. ಅವರು ನನ್ನನ್ನು ಎಳೆದು ಮಡಿಲಲ್ಲಿ ಮಲಗಿಸಿಕೊಂಡರು. ಆ ಹೊಸ ರೇಷ್ಮೆ ನನ್ನ ಕಣ್ಣೀರು ಸುರಿದು ಒದ್ದೆಯಾದರೂ ಬೆನ್ನು ಸವರುವುದನ್ನು ನಿಲ್ಲಿಸಲಿಲ್ಲ. ನಮ್ಮ ಜಗಳ ಇಡೀ ಓಣಿಗೆ ಕೇಳಿಸಿದೆ ಎಂದುಕೊಂಡೆ. ನಾಚಿಕೆಯಾಯಿತು. ಆದರೂ ನನ್ನ ಸಂಕಟ ಇವರಿಗೆ ಅರ್ಥವಾಯಿತಲ್ಲ ಎಂದು ಸಮಾಧಾನವೂ ಆಯಿತು.

ಅವರು ಹೋದ ಮೇಲೆ ಇನ್ನೊಂದಿಬ್ಬರು ಬಂದು, ಮಾತಿಲ್ಲದೆ ಕೂತು, ಎದ್ದು ಹೋದರು. ಓಣಿಯಲ್ಲಿ ಒಂದು ಪಟಾಕಿಯ ಸದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾ ಅವರ ಸೊಸೆ ಬಂದಳು. ಬೆಳಗಿನ ರೇಷ್ಮೆ ಬದಲಿಸಿ ಸಾದಾ ಸೀರೆ ಉಟ್ಟಿದ್ದಳು. ಮುಚ್ಚಿದ ಪಾತ್ರೆಯಲ್ಲಿ ಬಿಸಿ ಖಿಚಡಿ, ಲೋಟದಲ್ಲಿ ಮಜ್ಜಿಗೆಯ ಕಢಿ ಇಟ್ಟು ಹೋದಳು. ನನ್ನ ಬುದ್ಧಿ ಎಲ್ಲಿ ಹೋಗಬೇಕು? ಹೊಸ ವರ್ಷದ ದಿನ ಸಿಹಿಯ ತಟ್ಟೆ ವಾಪಸು ಕಳಿಸಿ ಬೇಳೆ ಅನ್ನ ಕೊಡುತ್ತಾರಲ್ಲ, ಎಂಥ ಜಿಪುಣ ಜನ ಎಂದುಕೊಂಡೆ. ಹೊಟ್ಟೆ ಹಸಿದಿತ್ತು, ಬೈದುಕೊಂಡೇ ಎರಡು ಸಲ ಬಡಿಸಿಕೊಂಡು ತಿಂದೆ.

ಕೈ ತೊಳೆಯುತ್ತಿದ್ದಾಗ ಇವರು ಓಡಿ ಬಂದರು. ಚಪ್ಪಲಿ ಬಿಡದೆ ನಡುಮನೆಗೇ ನುಗ್ಗಿದರು.

"ಯಾರು? ಅಮ್ಮನಾ? ಟೆಲಿಗ್ರಾಂ ಎಲ್ಲಿ?"

"ಅಯ್ಯೋ, ಅಮ್ಮಂಗೇನಾಯ್ತ್ರೀ?"

"ನನ್ನೇನೇ ಕೇಳ್ತೀಯ? ನೀನು ಹೇಳು!"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಅಲುಗಾಡಿಸುತ್ತ ಕೇಳಿದ್ದನ್ನೇ ಕೇಳಿದೆವು. ಓಣಿಯ ತುದಿಯಲ್ಲಿ ಬಾ ಅವರ ಮಗ ಇವರ ಎರಡೂ ಕೈ ಹಿಡಿದು, ಆಗಬಾರದ್ದು ಆಯಿತು, ಧೈರ್ಯ ತಂದುಕೊಳ್ಳಿ ಎಂದನಂತೆ. ಯಾವ ತಂತಿಯೂ ಬಂದಿಲ್ಲವೆಂದು ನಾನು ಆಣೆ ಇಟ್ಟು ಹೇಳಿದ ಮೇಲೆ ಇವರು ಮತ್ತೆ ಹೊರಗೆ ಹೋಗಿ ವಿಚಾರಿಸಿಕೊಂಡು ಬಂದರು. ವಿಷಯ ಇಷ್ಟೇ. ಅಲ್ಲಿ ಹೊಸ ವರ್ಷದ ಬೆಳಿಗ್ಗೆ ಹೊಸ ಬಟ್ಟೆ ಉಡದೆ, ಬಾಗಿಲಲ್ಲಿ ರಂಗೋಲಿ ಹಾಕದೆ ಇರುವುದು ಸಾವಾದ ಮನೆ ಮಾತ್ರ. ಅಂಥ ಮನೆಗೆ ಶುಭಾಶಯ ಹೇಳುವುದಿಲ್ಲ, ಹೋಗಿ ಜೊತೆಗೆ ಕೂರುತ್ತಾರೆ. ಒಲೆ ಹಚ್ಚಿರುವುದಿಲ್ಲವೆಂದು ಊಟ ಕಳಿಸುತ್ತಾರೆ. ಮುಂಜಾನೆಯೇ ಇವರು ಸಪ್ಪೆ ಮುಖದಲ್ಲಿ ಸ್ಟೇಷನ್ನಿಗೆ ಹೋದದ್ದನ್ನು ಬೇರೆ ನೋಡಿದ್ದರು. ಪಟಾಕಿ ಹಚ್ಚಬೇಡಿ ಎಂದು ಮಕ್ಕಳಿಗೆಲ್ಲ ಗದರಿ ಕೂರಿಸಿದ್ದರಂತೆ.

ಹೇಳುತ್ತ ಹೇಳುತ್ತ ಇವರಿಗೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗಲಾಗಲಿಲ್ಲ. ನನ್ನನ್ನು ನೋಡಿ ಆ ಓಣಿಯಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲವಲ್ಲ! ಇವಳ ಮನೆಯಲ್ಲಿ ಸಾವಾಗಿದೆ ಎಂದರೆ ಎಲ್ಲರೂ ನಂಬುವ ಹಾಗೆ ನಾನು ಒಂದೂವರೆ ವರ್ಷದಿಂದ ಅವರ ಕಣ್ಣೆದುರು ಓಡಾಡಿಕೊಂಡಿದ್ದೆ. ನಾನು ಹೆಸರು ಹಿಡಿದು ಮಾತಾಡಿಸದ ಆ ಹೆಂಗಸರು ತಮ್ಮ ವರ್ಷದ ಮೊದಲ ಬೆಳಗನ್ನು ನನ್ನ ಚಾಪೆಯ ಮೇಲೆ ಕಳೆದು ಹೋಗಿದ್ದರು. ನನಗೆ ತುಂಬ ನಾಚಿಕೆಯಾಯಿತು. ಎಷ್ಟೋ ದಿನದ ಮೇಲೆ, ಸಂತೋಷವೂ ಆಯಿತು.

ಅತ್ತೆ, ಅಪ್ಪ, ಅಮ್ಮ ಎಲ್ಲ ಗಟ್ಟಿಯಾಗಿರುವಾಗ ಇದೆಂಥ ಅಪಶಕುನ ಎಂಬ ದಿಗಿಲು ಬೇರೆ. ತಲೆಗೆ ನೀರು ಹಾಕಿಕೊಂಡು ಬಂದು ಟ್ರಂಕು ತೆರೆದೆ. ಧಾರೆ ಸೀರೆಯನ್ನೇ ತೆಗೆದೆ. ನಟ್ಟ ನಡುಹಗಲು, ಅದನ್ನುಟ್ಟು, ಇದ್ದ ಒಡವೆಯನ್ನೆಲ್ಲ ಹೇರಿಕೊಂಡು, ಹೊಸ್ತಿಲಿಗೆ ರಂಗೋಲಿ ಎಳೆದು, ಇವರನ್ನು ಕರೆದುಕೊಂಡು ಎದುರು ಮನೆಗೆ ಹೊರಟೆ. ಓಣಿಯ ಕಿಟಕಿಗಳಲ್ಲೆಲ್ಲ ತಲೆಗಳು ಕಂಡವು.

ಬಾ ಮೊದಲು ಕಕ್ಕಾಬಿಕ್ಕಿಯಾದರು. ಇವರು ತಮ್ಮ ಹರಕು ಗುಜರಾತಿಯಲ್ಲಿ ಎಲ್ಲವನ್ನೂ ವಿವರಿಸಿದ ಮೇಲೆ, ಕಾಲಿಗೆರಗಿದ ನನ್ನ ಬೆನ್ನಿಗೆ ಗುದ್ದು ಕೊಟ್ಟರು. ಸಾಕಷ್ಟು ಜೋರಾಗಿಯೇ ಕೊಟ್ಟರು. ಆಮೇಲೆ ಏನೋ ಅಂದರು. ಏನಂದರು ಎಂದು ಇವರನ್ನು ಕೇಳಿದೆ. ಇವರು ಹಿಂದೆಮುಂದೆ ನೋಡಿದರು.

"ನಮ್ಮಲ್ಲಿ ಸತ್ತವರಿಗೋಸ್ಕರ ಕೂಡ ವರ್ಷ ಕಳೆದ ಮೇಲೆ ಶೋಕ ಬಿಡ್ತೀವಿ, ನೀನು ಬದುಕಿರೋರಿಗೋಸ್ಕರ ಎಷ್ಟು ವರ್ಷ ಹಿಡೀತೀಯ ಅಂತ ಕೇಳ್ತಿದಾರೆ."

ಅಷ್ಟರಲ್ಲಿ ಬಾ ನನ್ನ ಸೆರಗಿನ ಅಂಚು ಹಿಡಿದು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ಅವರ ತವರು ಸೂರತ್ತು. ಜರಿ ತಯಾರಾಗುವ ಓಣಿಯಲ್ಲೇ ಹುಟ್ಟಿ ಬೆಳೆದವರು. ಇದು ನಮ್ಮೂರಿನ ಜರಿ, ಅಲ್ಲಿಂದಲೇ ನಿಮ್ಮ ಕಡೆಗೆ ಹೋಗುತ್ತದೆ ಎಂದು ಸೊಸೆಯನ್ನು ಕರೆದು ಹೆಮ್ಮೆಯಿಂದ ತೋರಿಸಿದರು. ಸೊಸೆ ನನ್ನನ್ನು ಸುತ್ತಲೂ ತಿರುಗಿಸಿ ನೋಡಿದಳು. ಹೊರಗೆ ಮಕ್ಕಳು ಬೆಳಗಿನಿಂದ ತಡೆದಿಟ್ಟುಕೊಂಡಿದ್ದ ಪಟಾಕಿಗಳನ್ನೆಲ್ಲ ಒಟ್ಟಿಗೇ ಹಚ್ಚಿದರು. ಸಿಹಿಯ ತಟ್ಟೆ ಮತ್ತೆ ಬಂತು. ಮಗು ತುಪ್ಪದ ಕೈಯಲ್ಲಿ ನನ್ನ ಸೆರಗು ಜಗ್ಗಿತು, ಅಂಗೈ ಅಗಲ ಕಲೆಯಾಯಿತು. ನೋಡಿದೆ, ಆದರೆ ಸೀರೆ ಬದಲಿಸಲು ಮನೆಗೆ ಓಡಲಿಲ್ಲ. ಮಗುವನ್ನು ಎತ್ತಿಕೊಂಡೆ.

ಸಂಜೆಯವರೆಗೆ ಓಣಿಯ ಎಲ್ಲ ಮನೆಗಳಿಗೂ ಹೋಗಿ ಬಂದೆವು. ದೀಪ ಹಚ್ಚುವ ಹೊತ್ತಿಗೆ ಕಾಲು ಸೋತು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತೆವು. ನಾನೇ ಕೇಳಿದೆ.

"ರೀ, ಆ ಟಿಕೆಟ್ ನಾಳೆ ಹೋಗಿ ವಾಪಸ್ ಮಾಡಿ ಬರ್ತೀರಾ?"

ಅವರು ಬೀದಿಯ ಕಡೆ ನೋಡುತ್ತ, "ತಗೊಂಡೇ ಇಲ್ಲ" ಅಂದರು.

"ಮತ್ತೆ ಅಷ್ಟ್ ಹೊತ್ತು ಏನ್ ಮಾಡ್ತಿದ್ರಿ ಅಲ್ಲಿ?"

"ಕೌಂಟರಿನವನು ಯಾರಿಗೆ ಟಿಕೆಟ್ಟು, ಹೆಸರು ಹೇಳಿ ಅಂದ. ನಿನ್ನ ಹೆಸರು ಹೇಳಕ್ಕೆ ಬಾಯಿ ಬರ್ಲಿಲ್ಲ ಕಣೇ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಸುಮ್ನೆ ಕೂತಿದ್ದೆ."

ನಾನು ಅವರ ಪಕ್ಕಕ್ಕೆ ಸರಿದು, ಭುಜಕ್ಕೆ ಭುಜ ತಾಗಿಸಿ ಕೂತೆ. ಎದುರಿನ ಜಗಲಿಯಿಂದ ಬಾ, ಅವರ ಸೊಸೆ, ಪಕ್ಕದ ಮನೆಯವರು ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು. ನೋಡಲಿ ಬಿಡು ಅಂದುಕೊಂಡೆ.